ಪ್ರಾಗಿನ ಅರ್ಧ ರಂಗೋಲಿ

೧೯೮೭ರಲ್ಲಿ ನಾನು ಓದು ನಿಲ್ಲಿಸಿದೆ. ಒಂಬತ್ತನೆಯ ತರಗತಿ. ದೀಪಾವಳಿ ಸೂಟಿಗೆ ಮನೆಗೆ ಬಂದವನು ಸೂಟಿ ಮುಗಿದ ಮೇಲೆ ಶಾಲೆಯ ಕಡೆ ತಲೆ ಹಾಕಲಿಲ್ಲ. ಹುಬ್ಬಳ್ಳಿಯ ಖಾನಾವಳಿಯೊಂದಕ್ಕೆ ರೊಟ್ಟಿ ಬೇಯಿಸಲು ಹೋದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಟೆಕ್ಸಾಸಿನಲ್ಲಿ ಇಬ್ಬರು ಕನ್ನಡದವರು ಎದುರಾದರೆ ಊರು ಯಾವುದು, ಕಂಪನಿ ಯಾವುದು ಎಂದು ಕೇಳಿ ಮುಗಿಸಿ, ಕೂಡಲೇ "ಯಾವ ಕಾಲೇಜು ನೀವು?" ಎನ್ನುತ್ತಾರೆ. "ಒಂಬತ್ತನೇ ಇಯತ್ತಾರೀ, ಅದೂ ಅರ್ಧಾ" ಎನ್ನುತ್ತೇನೆ ನಾನು. ಅವರು ತಮ್ಮ ಶೂ ನೋಡಿಕೊಳ್ಳುತ್ತಾರೆ. ನಾನೂ ಅವರ ಶೂ ನೋಡುತ್ತೇನೆ. ಅವರು ನೋಡುವುದು ಸಂಕೋಚಕ್ಕೆ, ನಾನು ನೋಡುವುದು ಚಟಕ್ಕೆ.

ಹೌದು, ಚಟವೇ. ಕೆಲವರಿಗೆ ತಂಬಾಕು, ಕೆಲವರಿಗೆ ಇಸ್ಪೀಟು, ನನಗೆ ಮಂದಿಯ ಕಾಲು ನೋಡುವುದು. ಡಲ್ಲಾಸಿನ ಪಕ್ಕದ ಇರ್ವಿಂಗಿನಲ್ಲಿ ನನ್ನದೊಂದು ಕೇಟರಿಂಗ್ ಇದೆ. ಡಲ್ಲಾಸು, ಹ್ಯೂಸ್ಟನ್ನು, ಆಸ್ಟಿನ್ನು ಮೂರೂ ಊರುಗಳ ನಾಮಕರಣ, ಉಪನಯನ, ಗೃಹಪ್ರವೇಶಗಳಿಗೆ ನನ್ನ ವ್ಯಾನಿನಲ್ಲಿ ಊಟ ಹೋಗುತ್ತದೆ. ಟ್ರೇ ಹೊತ್ತುಕೊಂಡು ಒಳಗೆ ಹೋಗುವ ಮೊದಲು ಬಾಗಿಲಿನ ಹೊರಗೆ ಬಿಟ್ಟಿರುವ ಪಾದರಕ್ಷೆಗಳ ಮೇಲೆ ಒಮ್ಮೆ ಕಣ್ಣಾಡಿಸುತ್ತೇನೆ. ಹ್ಯೂಸ್ಟನ್ನಿನ ಎನರ್ಜಿ ಕಾರಿಡಾರ್ ಕಡೆಯವರ ಬೂಟು ಸದಾ ಹೊಳೆಯುತ್ತಿರುತ್ತದೆ. ಎಣ್ಣೆ ಕಂಪನಿಯವರು, ಎಣ್ಣೆಗೇನು ಕಡಿಮೆ. ಆಸ್ಟಿನ್ನಿನಲ್ಲಿ ಸಂಬಳ ದೊಡ್ಡದಾದಷ್ಟೂ ಚಪ್ಪಲಿ ಸವೆದಿರುತ್ತದೆ. ಡಲ್ಲಾಸಿನ ಹೆಣ್ಣುಮಕ್ಕಳು ಜರಿ ಸೀರೆಯ ಕೆಳಗೆ ಓಡುವ ಶೂ ಹಾಕಿಕೊಂಡು ಬಂದು, ಬಾಗಿಲಲ್ಲಿ ಚೀಲದಿಂದ ಎತ್ತರದ ಚಪ್ಪಲಿ ತೆಗೆದು ಹಾಕಿಕೊಂಡು, ಫೋಟೋ ಮುಗಿದ ಮೇಲೆ ಮತ್ತೆ ಓಡುವ ಶೂ ಏರಿಸುತ್ತಾರೆ. ನನಗೆ ಮನೆಯವರ ಹೆಸರು ಮರೆಯುತ್ತದೆ, ಚಪ್ಪಲಿ ಮರೆಯುವುದಿಲ್ಲ.

ಈಗೀಗ ಈ ನೋಟಕ್ಕೆ ಹೊಟ್ಟೆಕಿಚ್ಚೂ ಸೇರಿಕೊಂಡಿದೆ. ಇಷ್ಟು ವರ್ಷ ಒಲೆಯ ಮುಂದೆ ನಿಂತು ನಿಂತು ನನ್ನ ಎಡ ಮೊಣಕಾಲು ಸವೆದುಹೋಗಿದೆ. ಆಸ್ಟಿನ್ನಿಗೆ ಹೊರಟರೆ ಅರ್ಧ ದಾರಿಯ ವೇಕೋ ಊರು ದಾಟುವುದರೊಳಗೆ ಅದು ಮಾತಾಡಲು ಶುರುಮಾಡುತ್ತದೆ. ಯಾರಾದರೂ ಮೆಟ್ಟಿಲನ್ನು ಸುಮ್ಮನೆ, ಯೋಚನೆಯೇ ಇಲ್ಲದೆ ಇಳಿದುಹೋದರೆ ನಾನು ಆ ಕಾಲನ್ನು ಬೇರೆಯವರ ಮನೆಯ ಬೆಳ್ಳಿ ತಟ್ಟೆ ನೋಡುವ ಹಾಗೆ ನೋಡುತ್ತೇನೆ. ಡಾಕ್ಟರು ಕೀಲು ಬದಲಾಯಿಸಬೇಕು ಎಂದಿದ್ದಾರೆ. ಸೀಸನ್ ಮುಗಿಯಲಿ ಎಂದಿದ್ದೇನೆ. ಕೇಟರಿಂಗಿನವನಿಗೆ ಸೀಸನ್ ಯಾವತ್ತು ಮುಗಿಯುತ್ತದೆ, ನೀವೇ ಹೇಳಿ.

ಎಲ್ಲ ಶುರುವಾದದ್ದು ಹ್ಯೂಸ್ಟನ್ನಿನ ಒಂದು ಗೃಹಪ್ರವೇಶದಲ್ಲಿ. ಮನೆಯ ಯಜಮಾನರು ಮೈಸೂರಿನ ಕಡೆಯವರು, ಎಲ್ಲರೂ ರಾಯರು ಎಂದು ಕರೆಯುವವರು, ಒಳ್ಳೆಯ ಮನುಷ್ಯ. ಆಗಷ್ಟೇ ಯೂರೋಪು ನೋಡಿಕೊಂಡು ಬಂದಿದ್ದರು. ಪೂಜೆ ನಡೆಯುತ್ತಿರುವಾಗಲೇ ಅಡುಗೆಮನೆಗೆ ಬಂದು, ನಾನು ಬಿಸಿಬೇಳೆ ಬಾತಿಗೆ ತುಪ್ಪ ಹಾಕುತ್ತಿದ್ದರೆ ಫೋನನ್ನು ನನ್ನ ಮೂಗಿನ ಮುಂದೆ ಹಿಡಿದರು.

"ನೋಡಿ ಸ್ವಾಮಿ, ಇದು ಪ್ರಾಗು. ಇಡೀ ಯೂರೋಪಲ್ಲಿ ಇದೊಂದು ಊರು ನೋಡಿಬಿಟ್ರೆ ಸಾಕು. ನೀವೂ ಒಂದ್ಸಲ ಹೋಗ್ಬನ್ನಿ."

"ಹೋಗೇನ್ರಿ."

"ಹೌದಾ! ಎಷ್ಟು ದಿನ ಇದ್ರಿ?"

"ಐದು ಬ್ಯಾಸಿಗಿ ಇದ್ದೆನ್ರಿ."

ರಾಯರ ಹುಬ್ಬು ಮೇಲಕ್ಕೆ ಹೋಯಿತು. "ಹಾಗಾದ್ರೆ ಆ ದೊಡ್ಡ ಗಡಿಯಾರ ನೋಡೇ ಇರ್ತೀರಿ. ಗಂಟೆ ಹೊಡೆದಾಗ ಗೊಂಬೆಗಳು ಮೆರವಣಿಗೆ ಬರ್ತವಲ್ಲ?"

"ಅದರ ಗಂಟಿ ಸಪ್ಪಳ ಕೇಳೇನ್ರಿ."

"ಆ ಹಳೇ ಸೇತುವೆ?"

"ಸೇತುವಿ ಇಳದು ಬಂದವರ ಬೂಟು ನೋಡೇನ್ರಿ."

ನಾನು ತಮಾಷೆ ಮಾಡುತ್ತಿದ್ದೇನೆಂದು ರಾಯರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಲೇ ಆಸಾಮಿ ಕಣ್ರೀ ನೀವು" ಎಂದು ಬೆನ್ನು ತಟ್ಟಿ ಹೋದರು. ನಾನು ಹೇಳಿದ್ದರಲ್ಲಿ ಒಂದಕ್ಷರ ತಮಾಷೆ ಇರಲಿಲ್ಲ. ಅದು ಗೊತ್ತಿದ್ದವಳು ಆ ಮನೆಯಲ್ಲಿ ಒಬ್ಬಳೇ: ಪಕ್ಕದಲ್ಲಿ ನಿಂತು ಕೋಸಂಬರಿಗೆ ಒಗ್ಗರಣೆ ಕೊಡುತ್ತಿದ್ದ ನನ್ನ ಹೆಂಡತಿ ಗಿರಿಜಾ. ಅವಳು ಒಗ್ಗರಣೆ ಮುಗಿಸಿ ಸೌಟು ತೊಳೆದಿಟ್ಟಳು. ಖಾಲಿ ಟ್ರೇಗಳನ್ನು ತುಂಬಿಕೊಂಡು ವಾಪಸು ಬರುವಾಗ, ಹೈವೇಯ ಎರಡೂ ಕಡೆ ಹುಲ್ಲು ಬಿಟ್ಟರೆ ಬೇರೇನೂ ಇಲ್ಲದ ಜಾಗದಲ್ಲಿ, ಒಮ್ಮೆಲೇ ಅಂದಳು:

"ಏನ್ರಿ, ಆ ಅರ್ಧ ಏನಿತ್ತೋ ಒಮ್ಮಿ ನೋಡಬೇಕಾಗಿತ್ತು."

ಯಾವ ಅರ್ಧ ಎಂದು ನಾನು ಕೇಳಲಿಲ್ಲ. ನಿಮಗೆ ಮಾತ್ರ ಹೇಳಬೇಕು.

ಭಾರತದಿಂದ ಯೂರೋಪಿಗೆ ಬಸ್ಸುಗಟ್ಟಲೆ ಜನರನ್ನು ಕರೆದೊಯ್ಯುವ ಟೂರ್ ಕಂಪನಿಗಳು ಜೊತೆಗೆ ಅಡುಗೆಯವರನ್ನೂ ಕರೆದೊಯ್ಯುತ್ತವೆ. ಲಕ್ಷಗಟ್ಟಲೆ ಕೊಟ್ಟು ಅಷ್ಟು ದೂರ ಹೋದವರು ಸಂಜೆಯಾದೊಡನೆ ಕೇಳುವುದು ಮೊಸರನ್ನವನ್ನೇ. ಮುಂಬಯಿಯ ಅಂಥದೊಂದು ಕಂಪನಿಯಲ್ಲಿ ನಾನು ಅಡುಗೆಯವನಾಗಿದ್ದೆ. ಅಲ್ಲಿ ಅಡುಗೆಯವನನ್ನು ಮಹಾರಾಜ ಎಂದು ಕರೆಯುತ್ತಾರೆ. ನನ್ನ ರಾಜ್ಯ ಪ್ರಾಗಿನ ಒಂದು ಹಳೆಯ ಹೋಟೆಲಿನ ನೆಲಮಾಳಿಗೆಯಲ್ಲಿತ್ತು. ಬೆಳಗಿನ ತಿಂಡಿ ಮುಗಿದ ಮೇಲೆ ಅಲ್ಲಿಯವರು ತಮ್ಮ ಅಡುಗೆಮನೆಯ ಒಂದು ಮೂಲೆ ನಮಗೆ ಬಿಟ್ಟುಕೊಡುತ್ತಿದ್ದರು. ಮೂಲೆಯಲ್ಲೊಂದು ಕಿಟಕಿ. ಈರುಳ್ಳಿ ಹೆಚ್ಚುವ ಹಲಗೆಯ ಮುಂದೆ ನಿಂತರೆ ನನ್ನ ಕಣ್ಣು ಬೀದಿಯ ನೆಲಕ್ಕಿಂತ ಒಂದು ಗೇಣು ಮೇಲೆ. ಹಾಗಾಗಿ ಜಗತ್ತಿನ ಎಲ್ಲ ಕಡೆಯಿಂದ ಆ ಚೆಂದದ ಊರು ನೋಡಲು ಬಂದವರು ನನಗೆ ಮೊಣಕಾಲಿನ ತನಕ ಮಾತ್ರ ಕಾಣುತ್ತಿದ್ದರು.

ಕಾಲಿನಲ್ಲೇ ಎಷ್ಟು ತಿಳಿಯುತ್ತದೆ ಅಂತೀರಿ. ಜಗಳವಾಡಿದ ಗಂಡ ಹೆಂಡಿರ ಕಾಲು ಒಂದರ ಹಿಂದೊಂದು ಬರುತ್ತವೆ. ಊರು ಗೊತ್ತಿಲ್ಲದವರ ಕಾಲು ನಾಲ್ಕು ಹೆಜ್ಜೆ ಹೋಗಿ ಎರಡು ಹೆಜ್ಜೆ ವಾಪಸು ಬರುತ್ತದೆ. ಒಂದು ಕಂದು ಬಣ್ಣದ ನಾಯಿ ದಿನಾ ಕಿಟಕಿಯ ಸರಳಿಗೆ ಮೂಗು ಒತ್ತಿ ನಿಲ್ಲುತ್ತಿತ್ತು. ನಾನು ಇಂಗಿನ ಒಗ್ಗರಣೆ ಹಾಕಿದೊಡನೆ ಸೀನಿ ಓಡುತ್ತಿತ್ತು, ಮರುದಿನ ಮತ್ತೆ ಬರುತ್ತಿತ್ತು. ನನ್ನ ಅಡುಗೆಗೆ ಅಷ್ಟು ನಿಷ್ಠೆಯ ಗಿರಾಕಿ ಮುಂದೆಂದೂ ಸಿಗಲಿಲ್ಲ.

ಕಾಲುಗಳ ಕೆಳಗೆ ನೆಲವಿತ್ತು. ಆ ಊರಿನಲ್ಲಿ ಪಾದಚಾರಿ ದಾರಿಗೆ ಬೆಲ್ಲದ ಚೂರಿನಷ್ಟು ಸಣ್ಣ ಸಣ್ಣ ಕಲ್ಲು ಜೋಡಿಸಿ, ಬಿಳಿ, ಕಪ್ಪು ಬಣ್ಣಗಳಲ್ಲಿ ಚಿತ್ತಾರ ಮಾಡಿರುತ್ತಾರೆ. ನನ್ನ ಕಿಟಕಿಯ ಮುಂದೆ ಗೋಡೆಯ ಬುಡದಿಂದ ಕಪ್ಪು ಗೆರೆ ಹೊರಟು, ಮೆಟ್ಟಿಲು ಮೆಟ್ಟಿಲಾಗಿ ಎರಡೂ ಕಡೆ ಬಿಚ್ಚಿಕೊಂಡು, ನಡುವೆ ಒಂದು ನಕ್ಷತ್ರ ಅರಳಬೇಕು ಎನ್ನುವಲ್ಲಿಗೆ ನಮ್ಮ ವ್ಯಾನಿನ ಗಾಲಿ. ಬೀದಿ ಇಕ್ಕಟ್ಟು, ಅದಕ್ಕೆ ಡ್ರೈವರು ಎರಡು ಗಾಲಿಗಳನ್ನು ಪಾದಚಾರಿ ದಾರಿಯ ಮೇಲೆ ಏರಿಸಿಯೇ ನಿಲ್ಲಿಸುತ್ತಿದ್ದ. ನಮ್ಮ ಅಕ್ಕಿ, ಬೇಳೆ, ಮಸಾಲೆ ಎಲ್ಲ ಅದರಲ್ಲೇ ಇದ್ದುದರಿಂದ ದಿನವಿಡೀ ಅದು ಅಲ್ಲೇ. ಚಿತ್ತಾರದ ಇನ್ನರ್ಧ ಅದರ ಕೆಳಗೆ. ಇಳಿದು ನೋಡಬಹುದಿತ್ತಲ್ಲ ಎನ್ನುತ್ತೀರಿ. ವ್ಯಾನ್ ಬರುವಾಗ ನಾನು ವ್ಯಾನಿನೊಳಗೆ, ಪಾತ್ರೆಗಳ ನಡುವೆ, ಕಿಟಕಿಯಿಲ್ಲದ ಹಿಂಭಾಗದಲ್ಲಿ. ವ್ಯಾನ್ ಹೋಗುವಾಗಲೂ ಅಲ್ಲೇ. ವ್ಯಾನ್ ಇಲ್ಲದ ಆ ಬೀದಿಯನ್ನು ನಾನು ಒಮ್ಮೆಯೂ ನೋಡಿಲ್ಲ.

ಗಿರಿಜಾ ಆಗ ಗದಗಿನ ಬೆಟಗೇರಿಯಲ್ಲಿ, ಸಣ್ಣ ಮಗಳನ್ನು ಕಟ್ಟಿಕೊಂಡು ಬಾಡಿಗೆ ಮನೆಯಲ್ಲಿ. ಫೋನು ಇದ್ದದ್ದು ಪಕ್ಕದ ಮನೆಯಲ್ಲಿ. ನಾನು ಕಾರ್ಡು ಹಾಕಿ ಫೋನು ಮಾಡಿದರೆ ಆ ಮನೆಯ ಅತ್ತೆ, ಸೊಸೆ, ಮೈದುನ ಎಲ್ಲರೂ ಟಿವಿಯ ದನಿ ತಗ್ಗಿಸಿ ಕೂರುತ್ತಿದ್ದರಂತೆ. ಅಂಥ ಸಭೆಯ ಮುಂದೆ ಗಂಡ ಹೆಂಡತಿ ಏನು ಮಾತಾಡುವುದು? ನೀನಿಲ್ಲದೆ ಬೇಜಾರು ಎನ್ನಲು ಬರುತ್ತದೆಯೇ?

"ಏನೇನು ನೋಡಿದ್ರಿ ಅಲ್ಲೆ?" ಎಂದು ಕೇಳುತ್ತಿದ್ದಳು.

"ಕಿಡಕಿ ಮುಂದ ಕಲ್ಲಾಗ ರಂಗೋಲಿ ಹಾಕ್ಯಾರ ನೋಡು."

"ಕಲ್ಲಾಗ? ಎಷ್ಟ ಚುಕ್ಕಿದು?"

"ಚುಕ್ಕಿ ಇಲ್ಲ. ಗ್ವಾಡಿಯಿಂದ ಕರೇ ಗೆರಿ ಹೊಂಟು ಪಾವಟಿಗಿ ಏರಿಧಂಗ ಏರತೈತಿ. ಎಡಕ್ಕ ಒಂದು ಕೆಂಪು ಕಲ್ಲು, ಒಂದ ಒಂದು. ಯಾಕ ಇಟ್ಟಾರೋ."

"ಹೂಂ. ಮುಂದ?"

"ಮುಂದ ವ್ಯಾನ್ ನಿಂತೈತಿ."

"ಸರಸಾಕ ಹೇಳ್ರಿ ಅದನ್ನ."

"ಅದರಾಗ ನಮ್ಮ ಅಕ್ಕಿ ಚೀಲ ಅದಾವ, ಸರಸಾಕ ಬರಂಗಿಲ್ಲ."

ಇಷ್ಟರಲ್ಲಿ ಕಾರ್ಡು ಮುಗಿಯುತ್ತಿತ್ತು. ಮರುದಿನ ಬೆಳಿಗ್ಗೆ ಅವಳು ಬೆಟಗೇರಿಯ ಅಂಗಳ ಸಾರಿಸಿ ನಾನು ಹೇಳಿದಷ್ಟನ್ನು ಹಾಕಿದಳು. ಕೆಂಪು ಕಲ್ಲಿನ ಜಾಗಕ್ಕೆ ಕುಂಕುಮ. ವ್ಯಾನು ನಿಂತ ಅರ್ಧವನ್ನು ಏನು ಮಾಡುವುದು? ಮನೆಯ ಮುಂದೆ ಅರ್ಧ ರಂಗೋಲಿ ಬಿಡಬಾರದು. ತನ್ನ ಕೈಗೆ ಬಂದಂತೆ ಒಂದು ಬಳ್ಳಿ ಹರಿಸಿ, ಎರಡು ಎಲೆ, ಒಂದು ಮೊಗ್ಗು ಇಟ್ಟು ಮುಗಿಸಿದಳು. ಓಣಿಯವರು ಬಂದು ನಿಂತು "ಗಿರಿಜವ್ವಾ, ಯಾ ಊರ ರಂಗೋಲಿ ಇದು?" ಎಂದರಂತೆ. "ನಮ್ಮನಿಯವ್ರು ಇರೂ ಊರಿಂದು" ಎಂದಳಂತೆ. ಇದನ್ನು ಅವಳು ನನಗೆ ಹೇಳಿದ್ದು ಬಹಳ ವರ್ಷಗಳ ಮೇಲೆ, ಇಲ್ಲಿಗೆ ಬಂದ ನಂತರ. ಫೋನಿನಲ್ಲಿ ಹೇಳಲು ಪಕ್ಕದ ಮನೆಯವರಿದ್ದರಲ್ಲ.

ಇಲ್ಲಿಗೆ ಬಂದದ್ದು ಹೇಗೆಂದರೆ, ಅದೇ ಟೂರಿನಲ್ಲಿ ನನ್ನ ಎಣ್ಣೆಗಾಯಿ ಪಲ್ಯ ತಿಂದ ಇರ್ವಿಂಗಿನ ಹೋಟೆಲಿನವರೊಬ್ಬರು ಕರೆಸಿಕೊಂಡರು. ಅಲ್ಲಿ ದುಡಿದೆ, ಆಮೇಲೆ ನನ್ನದೇ ಶುರುಮಾಡಿದೆ. ಯಾರ ಹತ್ತಿರವೂ ಕೈ ಒಡ್ಡಲಿಲ್ಲ, ಅದೊಂದು ಹೇಳಿಕೊಳ್ಳುತ್ತೇನೆ. ಶುಕ್ರವಾರಕ್ಕೊಮ್ಮೆ ಗಿರಿಜಾ ನಮ್ಮ ಡ್ರೈವ್‌ವೇ ಮೇಲೆ ಅದೇ ರಂಗೋಲಿ ಹಾಕುತ್ತಾಳೆ. ಟೆಕ್ಸಾಸಿನ ಗಾಳಿ ಅದನ್ನು ಪಕ್ಕದ ಮನೆಗೆ ಒಯ್ಯುತ್ತದೆ. ಉಳಿದದ್ದನ್ನು ಸ್ಪ್ರಿಂಕ್ಲರ್ ತೊಳೆಯುತ್ತದೆ. ಅವೆರಡೂ ಏಳುವ ಮೊದಲೇ ನಾನು ವ್ಯಾನನ್ನು ಹಿಂದಕ್ಕೆ ತೆಗೆದು ಅದರ ಮೇಲೆ ಹಾಯಿಸಿಕೊಂಡು ಕೆಲಸಕ್ಕೆ ಹೊರಟಿರುತ್ತೇನೆ. ಅವಳು ಒಂದು ದಿನವೂ ಏನೂ ಅಂದವಳಲ್ಲ. ನನಗೂ ಅದು ಹೊಳೆದಿರಲಿಲ್ಲ.

ಹೈವೇಯಲ್ಲಿ ಅವಳು ಅಂದ ಮಾತನ್ನು ನಾನು ಮಗಳಿಗೆ ಹೇಳಿದೆ. ಮಗಳು ಸಹನಾ ಆಸ್ಟಿನ್ನಿನಲ್ಲಿ ಕೆಲಸದಲ್ಲಿದ್ದಾಳೆ. ನಾವು ಕನ್ನಡದಲ್ಲಿ ಕೇಳುತ್ತೇವೆ, ಅವಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ, ಹೀಗೆ ಮೂವರೂ ಸುಖವಾಗಿದ್ದೇವೆ. ಆಪರೇಷನ್ನಿಗೆ ಮೊದಲು ಹೋಗಿಬನ್ನಿ ಎಂದು ಟಿಕೆಟ್ ತೆಗೆದೇಬಿಟ್ಟಳು. "ಅಪ್ಪಾ, ನೋ ಟೂರಿಸ್ಟ್ ಸ್ಟಫ್, ಓಕೆ? ಓನ್ಲೀ ಹಿಡನ್ ಪ್ಲೇಸಸ್" ಎಂದಳು. ಸಾಮಾನ್ಯ ಜನ ನೋಡದ, ಊರಿನ ಒಳಗೊಳಗಿನ ಜಾಗಗಳನ್ನೆಲ್ಲ ಫೋನಿನ ನಕ್ಷೆಯಲ್ಲಿ ಗುರುತು ಮಾಡಿಕೊಟ್ಟಳು.

"ಮಂದಿ ನೋಡದ ಜಾಗಾ ಅಂದ್ರ ನಾ ಇದ್ದದ್ದ ಆತು ಬಿಡವ್ವಾ" ಎಂದೆ.

ಪೆಟ್ಟಿಗೆ ಕಟ್ಟಲು ಬಂದವಳು ಗಿರಿಜಾಳ ಚೀಲ ತೆರೆದು ಕಿರುಚಿದಳು. "ಅಮ್ಮಾ! ವೈಟ್ ಪೌಡರ್ ಇನ್ ಎ ಜಿಪ್‌ಲಾಕ್? ಸೀರಿಯಸ್ಲೀ?"

"ರಂಗೋಲಿ ಹಿಟ್ಟವಾ ಅದು."

"ಟೆಲ್ ದಟ್ ಟು ದಿ ಏರ್‌ಪೋರ್ಟ್ ಪೊಲೀಸ್!" ಎಂದು ಅದನ್ನು ತೆಗೆದು ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟಳು. ಗಿರಿಜಾ ಅದನ್ನು ಊಟಕ್ಕೆ ಕರೆದು ಬಾಗಿಲಲ್ಲೇ ವಾಪಸು ಕಳಿಸಿದ ನೆಂಟರನ್ನು ನೋಡುವ ಹಾಗೆ ನೋಡಿದಳು.

ವಿಮಾನದಲ್ಲಿ ಕೂತ ಮೇಲೆ ಅಂದಳು: "ನನಗ ಬ್ಯಾರೆ ಏನೂ ಬ್ಯಾಡ. ಆ ಅರ್ಧ ತೋರಸ್ರಿ, ಸಾಕು."

"ಐದು ಬ್ಯಾಸಿಗಿ ಇದ್ದ ಊರು. ನನಗ ಗೊತ್ತಿಲ್ಲೇನು?" ಎಂದೆ. ಮೀಸೆಯಿಲ್ಲ, ಇದ್ದಿದ್ದರೆ ತಿರುವುತ್ತಿದ್ದೆ.

ಪ್ರಾಗಿನಲ್ಲಿ ಇಳಿದು ಬೀದಿಗೆ ಬಂದಾಗ ತಿಳಿಯಿತು, ನನಗೆ ಒಂದು ಬೀದಿಯೂ ಗೊತ್ತಿಲ್ಲ ಎಂದು. ಗೊತ್ತಿದ್ದದ್ದು ವ್ಯಾನಿನ ಒಳಗಿನಿಂದ ಕೇಳಿದ ಊರು: ಟ್ರಾಮಿನ ಕಿರ್ರೆನ್ನುವ ಸದ್ದು, ಒಂದು ತಿರುವು, ಬಿಯರಿನ ಹುಳಿ ವಾಸನೆ, ಇನ್ನೊಂದು ತಿರುವು, ಎಡಗಡೆಯಿಂದ ಗಂಟೆ. ಆ ಊರಿನಲ್ಲಿ ಟ್ರಾಮಿಲ್ಲದ ಕಡೆ ಬಿಯರಿದೆ, ಬಿಯರಿಲ್ಲದ ಕಡೆ ಗಂಟೆಯಿದೆ. ಹೋಟೆಲಿನ ಹೆಸರು ಹೇಳಿದರೆ ಅಂಥದ್ದೇ ಇಲ್ಲ ಎಂದರು; ಬದಲಾಗಿರಬೇಕು. ಸಹನಾಗೆ ಫೋನು ಮಾಡಿದರೆ "ಅಪ್ಪಾ, ಯು ಡೋಂಟ್ ನೋ ದಿ ಸ್ಟ್ರೀಟ್ ನೇಮ್?" ಎಂದಳು. ಗೊತ್ತಿದ್ದರೆ ನಿನಗೇಕೆ ಫೋನು ಮಾಡಲಿ ಎಂದು ರೇಗಿದೆ. ರೇಗಿದ್ದು ಅವಳ ಮೇಲಲ್ಲ, ಮೊಣಕಾಲಿನ ಮೇಲೆ.

ಹುಡುಕುತ್ತಾ ಹುಡುಕುತ್ತಾ ಮಗಳು ಗುರುತು ಮಾಡಿದ ಜಾಗಗಳಿಗೂ ಹೋದೆವು. ಒಂದು ಗಲ್ಲಿ ಎಷ್ಟು ಇಕ್ಕಟ್ಟೆಂದರೆ ಎದುರಿನಿಂದ ಬರುವವರಿಗೆ ಡಿಕ್ಕಿಯಾಗದಿರಲೆಂದು ನಡೆಯುವ ಜನರಿಗೇ ಕೆಂಪು, ಹಸಿರು ದೀಪ ಇಟ್ಟಿದ್ದರು. "ಬೆಟಗೇರಿ ಓಣಿಗೆ ಇಂಥಾದ್ದು ಹಾಕಿದ್ರ ಎಮ್ಮಿ ನಿಲ್ಲತಾವೇನ್ರಿ?" ಎಂದು ಗಿರಿಜಾ ಅಷ್ಟು ದಿನದಲ್ಲಿ ಮೊದಲ ಸಲ ಬಾಯಿ ತುಂಬಾ ನಕ್ಕಳು. ಒಂದು ಹಳೆಯ ಕಚೇರಿಯಲ್ಲಿ ಬಾಗಿಲೇ ಇಲ್ಲದ, ನಿಲ್ಲುವುದೇ ಇಲ್ಲದ ಲಿಫ್ಟ್ ನೋಡಿದೆವು. ಡಬ್ಬಿಗಳು ಒಂದರ ಹಿಂದೊಂದು ಮೇಲೇರುತ್ತಲೇ ಇರುತ್ತವೆ, ಪಕ್ಕದಲ್ಲಿ ಇಳಿಯುತ್ತಲೇ ಇರುತ್ತವೆ.

"ನಿಲ್ಲಂಗಿಲ್ಲ ಅಂದ್ರ ಇಳಿಯೂದು ಹೆಂಗ?"

"ಜಿಗೀಬೇಕು."

"ನಿಮ್ಮ ಮೊಣಕಾಲು ಜಿಗೀತೈತೇನು?"

ಹತ್ತಲಿಲ್ಲ. ಬೆಂಚಿನ ಮೇಲೆ ಕೂತು ಅದನ್ನೇ ನೋಡುತ್ತಿದ್ದೆ. ಇಷ್ಟು ದೂರ ಬಂದು ನನ್ನದೇ ದಿನಚರಿಯನ್ನು ನೋಡಿದಂತಾಯಿತು: ಇರ್ವಿಂಗು, ಹ್ಯೂಸ್ಟನ್ನು, ಆಸ್ಟಿನ್ನು, ಮತ್ತೆ ಇರ್ವಿಂಗು. ಹತ್ತುವಾಗಲೂ ಜಿಗಿಯಬೇಕು, ಇಳಿಯುವಾಗಲೂ ಜಿಗಿಯಬೇಕು, ಅದು ಯಾರಿಗೂ ಕಾಯುವುದಿಲ್ಲ.

ಹೊರಡುವ ಹಿಂದಿನ ದಿನ ಬಂತು. ಸೊಕ್ಕು ಇಳಿದಿತ್ತು, ಮೊಣಕಾಲು ಊದಿತ್ತು. "ನನಗ ಗೊತ್ತಿಲ್ಲ ಗಿರಿಜಾ, ಸಿಗಂಗಿಲ್ಲ ಅನಸ್ತೈತಿ" ಎಂದೆ. ಅವಳು ಶಾಲು ಬಿಗಿಮಾಡಿಕೊಂಡು ಅಂದಳು: "ನೀವು ಹಿಂದ ಬರ್ರಿ. ನಾ ಮುಂದ ಹೋಗತೀನಿ. ಬೀದಿ ನಿಮಗ ಗೊತ್ತಿಲ್ಲ, ಖರೆ, ಆದ್ರ ರಂಗೋಲಿ ನನಗ ಗೊತ್ತೈತಲ್ಲ."

ಹೀಗೆ ನಾವು ಆ ಊರು ನೋಡಿದೆವು. ಸುತ್ತಲಿನ ಜಗತ್ತೆಲ್ಲ ತಲೆಯೆತ್ತಿ ಗೋಪುರ ನೋಡುತ್ತಿದ್ದರೆ ನಾವಿಬ್ಬರೂ ತಲೆ ತಗ್ಗಿಸಿ ನೆಲ ನೋಡುತ್ತಾ ನಡೆದೆವು. ಗಿರಿಜಾ ಕಿವಿಯೋಲೆ ಕಳೆದುಕೊಂಡವರ ಹಾಗೆ ಬಗ್ಗಿ ಹೋಗುತ್ತಿದ್ದಳು. ಆ ಊರಿನ ಹೆಂಗಸೊಬ್ಬಳು ತಡೆದು, ಕೈಸನ್ನೆ ಮಾಡಿ ಏನು ಬಿತ್ತೆಂದು ಕೇಳಿ, ಉತ್ತರಕ್ಕೂ ಕಾಯದೆ ತಾನೂ ಬಗ್ಗಿ ನಮ್ಮ ಜೊತೆ ಹುಡುಕುತ್ತಾ ಬಂದಳು. ಬೀದಿಯ ಕೊನೆಯಲ್ಲಿ ಏನೂ ಸಿಗದೆ, ನನ್ನ ಭುಜ ಮುಟ್ಟಿ ಸಮಾಧಾನ ಮಾಡಿ ಹೋದಳು. ಈ ಊರಿನ ಮೊಣಕಾಲಿನ ಮೇಲೂ ಜನರಿದ್ದಾರೆ ಎಂದು ನನಗೆ ತಿಳಿದದ್ದು ಆಗ.

ಚೌಕ, ಹೂವು, ಅಲೆ, ಬರೀ ಬಿಳಿ, ಮತ್ತೆ ಚೌಕ. ಮಧ್ಯಾಹ್ನ ಕಳೆದ ಮೇಲೆ ಒಂದು ಇಕ್ಕಟ್ಟಾದ ಬೀದಿಯಲ್ಲಿ ಗಿರಿಜಾ ಒಮ್ಮೆಲೇ ಕುಕ್ಕರಗಾಲಿನಲ್ಲಿ ಕೂತುಬಿಟ್ಟಳು. ಬಿದ್ದಳೇನೋ ಎಂದು ನಾನು ಕುಂಟುತ್ತಾ ಓಡಿದೆ. ಅವಳ ಬೆರಳು ಒಂದು ಕಲ್ಲಿನ ಮೇಲಿತ್ತು. ಒಂದೇ ಒಂದು ಕೆಂಪು ಕಲ್ಲು.

"ಇದ ರೀ. ಕುಂಕುಮದ ಜಾಗಾ."

ಕಪ್ಪು ಗೆರೆ ಗೋಡೆಯ ಬುಡದಿಂದ ಹೊರಟು ಮೆಟ್ಟಿಲಾಗಿ ಏರುತ್ತಿತ್ತು. ಅವಳ ಬೆರಳು ಅದರ ಮೇಲೆ ನಮ್ಮ ಡ್ರೈವ್‌ವೇಯಲ್ಲಿ ಓಡುವಂತೆಯೇ ಓಡಿತು, ಒಂದು ಕಡೆಯೂ ತಪ್ಪಲಿಲ್ಲ. ಪಕ್ಕದಲ್ಲೇ ಸರಳಿನ ಕಿಟಕಿ. ಒಳಗೆ ಈಗ ಅಡುಗೆಮನೆ ಇರಲಿಲ್ಲ. ಹೆಣ್ಣುಮಗಳೊಬ್ಬಳು ಬಿಳಿ ಹಾಸಿಗೆ ಬಟ್ಟೆಗಳನ್ನು ಮಡಚಿ ಒಟ್ಟುತ್ತಿದ್ದಳು. ಕೈ ನಿಲ್ಲಿಸಿ, ಸೀರೆಯ ಕೆಳಗಿದ್ದ ಗಿರಿಜಾಳ ಬಿಳಿ ಶೂಗಳನ್ನು ನೋಡಿದಳು. ಅಷ್ಟು ವರ್ಷ ನಾನು ಆ ಕಿಟಕಿಯಿಂದ ಎಷ್ಟೊಂದು ಕಾಲು ನೋಡಿದ್ದೆ. ಈ ಎರಡು ಮಾತ್ರ ಬಂದಿರಲಿಲ್ಲ.

ಇನ್ನರ್ಧ ಎಲ್ಲಿ ಎನ್ನುತ್ತೀರಾ? ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಅದರ ಮೇಲೆ ಎರಡು ಗಾಲಿ ಏರಿಸಿ ಒಂದು ವ್ಯಾನು ನಿಂತಿತ್ತು.

ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು ಕಾದೆವು. ಬಹಳ ಹೊತ್ತಿನ ಮೇಲೆ ಡ್ರೈವರು ಬಂದ. ಗಟ್ಟಿಮುಟ್ಟಾದ ಆಳು, ಕೈಯಲ್ಲಿ ಖಾಲಿ ಬ್ರೆಡ್ಡಿನ ತಟ್ಟೆಗಳು. ಗಿರಿಜಾ ಎದ್ದುಹೋಗಿ, ನೆಲ ತೋರಿಸಿ, ಗಾಲಿ ತೋರಿಸಿ, ಗಾಳಿಯಲ್ಲಿ ರಂಗೋಲಿ ಎಳೆದು ತೋರಿಸಿದಳು. ತಪ್ಪು ಜಾಗದಲ್ಲಿ ನಿಲ್ಲಿಸಿದ್ದಕ್ಕೆ ಯಾರೋ ದೊಡ್ಡ ಅಧಿಕಾರಿ ಬೈಯುತ್ತಿದ್ದಾಳೆಂದು ಅವನು ತಿಳಿದಿರಬೇಕು. ಕೈ ಮುಗಿಯುವುದೊಂದು ಬಾಕಿ, ಹತ್ತಿಕೊಂಡು ವ್ಯಾನನ್ನು ಹಿಂದಕ್ಕೆ ಸರಿಸಿದ.

ಕೆಳಗೆ ಟಾರು ಇತ್ತು.

ಕಲ್ಲುಗಳು ಯಾವ ಕಾಲದಲ್ಲೋ ಕಿತ್ತುಹೋಗಿ, ಗುಂಡಿಗೆ ಟಾರು ಸುರಿದು ಒತ್ತಿದ್ದರು. ನಕ್ಷತ್ರ ಅರ್ಧಕ್ಕೆ ಕತ್ತರಿಸಿ ನಿಂತಿತ್ತು. ದಿನಾ ಗಾಲಿ ಏರಿದರೆ ಕಲ್ಲಾದರೂ ಎಷ್ಟು ತಡೆದೀತು? ಆ ಗಾಲಿಗಳಲ್ಲಿ ನಮ್ಮ ವ್ಯಾನಿನವೂ ಇದ್ದವು.

ಗಿರಿಜಾ ಮೆಟ್ಟಿಲಿಗೆ ವಾಪಸು ಬಂದು ಕೂತಳು. ಮುಖದಲ್ಲಿ ಏನೂ ಇರಲಿಲ್ಲ. ದಿನವಿಡೀ ನಡೆದು ದಣಿದವರ ಮುಖದಲ್ಲಿ ಏನೂ ಇರುವುದಿಲ್ಲ.

"ಮೊದಲ ಏನಿತ್ತೋ ಏನೋ" ಅಂದಳು, ಅಷ್ಟೇ.

ಇಲ್ಲಿ ಕೇಳಿಸಿಕೊಳ್ಳಲು ಪಕ್ಕದ ಮನೆಯವರಿರಲಿಲ್ಲ, ಆದರೂ ಮಾತು ಬಾಯಿಗೆ ಬರಲಿಲ್ಲ. ಎದ್ದು ಬೀದಿಯ ಮೂಲೆಯ ಕಿರಾಣಿ ಅಂಗಡಿಗೆ ಹೋದೆ. ಯಾವ ದೇಶದ ಅಂಗಡಿಯಲ್ಲೂ ಹಿಟ್ಟು ಎಲ್ಲಿರುತ್ತದೆಂದು ನನಗೆ ಗೊತ್ತು: ಎಲ್ಲಕ್ಕಿಂತ ಕೆಳಗಿನ ಹಲಗೆಯಲ್ಲಿ, ಮೊಣಕಾಲು ನೋಯುವವರಿಗೆಂದೇ ಇಟ್ಟ ಹಾಗೆ. ಬಗ್ಗಿ ಒಂದು ಪೊಟ್ಟಣ ತೆಗೆದುಕೊಂಡು ಬಂದೆ. ಅವಳ ಮಡಿಲಲ್ಲಿ ಇಟ್ಟೆ.

ಅವಳು ಪೊಟ್ಟಣ ನೋಡಿದಳು, ನನ್ನನ್ನು ನೋಡಿದಳು. "ಮೈದಾ ಏನ್ರಿ? ಇದು ಸರಳ ಇಳಿಯಂಗಿಲ್ಲ, ಗಂಟು ಗಂಟಾಗಿ ಬೀಳತೈತಿ" ಎಂದು ಗೊಣಗುತ್ತಲೇ ಸೆರಗು ಸಿಕ್ಕಿಸಿಕೊಂಡಳು.

ಟಾರಿನ ಮೇಲೆ ಬಿಳಿ ಹಿಟ್ಟು ಎಷ್ಟು ಚೆನ್ನಾಗಿ ಕಾಣುತ್ತದೆಂದರೆ, ಅದಕ್ಕೆಂದೇ ಯಾರೋ ಸಾರಿಸಿಟ್ಟಂತಿತ್ತು. ಕಲ್ಲಿನ ನಕ್ಷತ್ರ ಎಲ್ಲಿ ಮುರಿದಿತ್ತೋ ಅಲ್ಲಿಂದ ಹಿಡಿದು ಅವಳು ತನ್ನ ಬಳ್ಳಿ ಹರಿಸಿದಳು. ಎರಡು ಎಲೆ, ಒಂದು ಮೊಗ್ಗು. ಬೆಟಗೇರಿಯಲ್ಲಿ ಹಾಕಿದ್ದು, ಇರ್ವಿಂಗಿನಲ್ಲಿ ಹಾಕುವುದು, ಅದೇ. ಹಾದುಹೋಗುವ ಕಾಲುಗಳು ಒಂದು ಕ್ಷಣ ನಿಂತು, ಸುತ್ತಿಕೊಂಡು ಹೋದವು. ಒಳಗಿನ ಹೆಣ್ಣುಮಗಳು ಕಿಟಕಿಗೆ ಹತ್ತಿರ ಬಂದು ಸರಳು ಹಿಡಿದು ನೋಡುತ್ತಿದ್ದಳು. ಮುಗಿಸಿ ಎದ್ದು ಗಿರಿಜಾ ಕೈ ಝಾಡಿಸಿಕೊಂಡಳು. ಅಷ್ಟೂ ಹೊತ್ತು ಡ್ರೈವರು ಬೀದಿಯ ನಡುವೆ ವ್ಯಾನು ನಿಲ್ಲಿಸಿಕೊಂಡು, ಹಿಂದಿನ ಕಾರುಗಳ ಹಾರನ್ನು ಕೇಳಿಸಿಕೊಂಡು, ಕಿಟಕಿಯಿಂದ ತಲೆ ಹೊರಹಾಕಿ ಕೂತಿದ್ದ. ಆ ಬೀದಿಯಲ್ಲಿ ಇಳಿಸಬೇಕಾದ ಉಳಿದ ಬ್ರೆಡ್ಡು ಇನ್ನೂ ಒಳಗಿತ್ತು. ನನಗೆ ಅವನ ಸಂಕಟ ಗೊತ್ತು.

ಗಿರಿಜಾಗೂ ಗೊತ್ತಿತ್ತು. ಅವನ ಕಡೆ ತಿರುಗಿ, ಕೈಬೀಸಿ, ರಂಗೋಲಿಯ ಮೇಲೆಯೇ ಬಾ ಎಂದು ಕರೆದಳು.

"ಬಾರಪ್ಪಾ, ನಿಲ್ಲಸ ಬಾ."

ಅವನು ಬೇಡ ಬೇಡ ಎಂದು ತಲೆಯಾಡಿಸಿದ. ಅವಳು ಬಿಡಲಿಲ್ಲ.

"ಯಾಕ ಗಿರಿಜಾ?" ಎಂದೆ.

"ಮತ್ತ ಅವನೂ ಎಲ್ಲಿ ನಿಲ್ಲಸಬೇಕ್ರಿ? ಅನ್ನದ ಗಾಡಿ ಅದು. ಅದರ ಕೆಳಗ ಏನೈತಿ ಅನ್ನೂದು ನನಗ ಗೊತ್ತಾತಲ್ಲ, ಸಾಕು."

ವ್ಯಾನು ಮೆಲ್ಲಗೆ, ಬಾಣಂತಿಯನ್ನು ಇಳಿಸುವ ಗಾಡಿಯ ಹಾಗೆ, ಎರಡು ಗಾಲಿ ಏರಿಸಿ ಅಲ್ಲಿ ನಿಂತಿತು.

ನಾವು ಆ ಗಡಿಯಾರ ನೋಡಲಿಲ್ಲ. ಸೇತುವೆಗೂ ಹೋಗಲಿಲ್ಲ, ಅಷ್ಟು ನಡೆಯುವ ಶಕ್ತಿ ಇಬ್ಬರಿಗೂ ಉಳಿದಿರಲಿಲ್ಲ. ಮೊನ್ನೆ ಹ್ಯೂಸ್ಟನ್ನಿನಲ್ಲಿ ರಾಯರು ಸಿಕ್ಕಿ "ಈ ಸಲವಾದ್ರೂ ಏನೇನು ನೋಡಿದ್ರಿ ಸ್ವಾಮಿ?" ಎಂದರು. "ಒಂದು ವ್ಯಾನ್ ನೋಡಿದ್ವಿರಿ" ಎಂದೆ. ಮತ್ತೆ ಬೆನ್ನು ತಟ್ಟಿದರು.

ಈಗ ನನ್ನ ಹತ್ತಿರ ಇರುವುದು ಇಷ್ಟು: ಕೊಪ್ಪರಿಗೆ ನಾಲ್ಕು. ವ್ಯಾನು ಒಂದು. ಮೊಣಕಾಲು ಎರಡು, ಒಂದು ಹಳೆಯದು, ಒಂದು ಆಸ್ಪತ್ರೆಯವರು ಹಾಕಿದ್ದು. ಮಗಳು ಒಬ್ಬಳು, ಆಸ್ಟಿನ್ನಿನಲ್ಲಿ. ಓದು, ಒಂಬತ್ತನೆಯ ತರಗತಿಯ ಅರ್ಧ. ಹೆಂಡತಿ ಗಿರಿಜಾ. ಡ್ರೈವ್‌ವೇ ಮೇಲೆ ಶುಕ್ರವಾರಕ್ಕೊಂದು ರಂಗೋಲಿ, ಪೂರ್ತಿ. ವ್ಯಾನನ್ನು ಈಗ ಬೀದಿಯಲ್ಲೇ ನಿಲ್ಲಿಸುತ್ತೇನೆ.